ಕ್ಯಾಶುವಾಲ್ಟಿಗೆ ಬರುವ ಹದಿಹರೆಯದವರ ಲೈಂಗಿಕ ಆರೋಗ್ಯ ತಪಾಸಣೆ: ಏನು ಕೇಳಬೇಕು, ಹೇಗೆ ಕೇಳಬೇಕು, ಆಮೇಲೆ ಏನು ಮಾಡಬೇಕು

ಲೈಂಗಿಕ ಆರೋಗ್ಯದ ಬಗ್ಗೆ ಕೇಳೋಕೆ ಕ್ಯಾಶುವಾಲ್ಟಿ ಸರಿಯಾದ ಜಾಗ ಅಲ್ಲ ಅಂತ ಹೇಳುವವರು ಬಹಳ ಜನ. ಒಂದು ಕಡೆ ಬೈಕ್ ಆಕ್ಸಿಡೆಂಟ್, ಇನ್ನೊಂದು ಕಡೆ ಎದೆನೋವು, ಮಧ್ಯೆ ಮಂಚ ಸಿಗದೆ ಸ್ಟ್ರೆಚರ್ ಮೇಲೇ ಮಲಗಿಸಿರುವ ಹಾವು ಕಡಿತದ ಕೇಸು. ಇದರ ನಡುವೆ 16 ವರ್ಷದ ಹುಡುಗಿಯನ್ನು ಕೂರಿಸಿಕೊಂಡು ಮಾತಾಡಿಸೋದು ಎಲ್ಲಿಂದ ಬಂತು? ಮಾತು ಸರಿಯೇ. ಆದರೆ ಈ ವಯಸ್ಸಿನವರು ಇನ್ನೆಲ್ಲಿಗೆ ಹೋಗುತ್ತಾರೆ ಹೇಳಿ. ಚರ್ಮ ಮತ್ತು ಗುಪ್ತರೋಗ ಅನ್ನೋ ಬೋರ್ಡ್ ನೋಡಿದರೇ ದಾರಿ ಬದಲಿಸುತ್ತಾರೆ. ಅವರು ಆಸ್ಪತ್ರೆ ಮೆಟ್ಟಿಲು ಹತ್ತುವುದು ಹೊಟ್ಟೆನೋವು ತಡೆಯೋಕಾಗದಾಗ, ತಲೆಸುತ್ತಿ ಬಿದ್ದಾಗ, ಇಲ್ಲವೇ ಮನೆಯಲ್ಲಿದ್ದ ಇಲಿ ಪಾಷಾಣ ತಿಂದಾಗ. ಮೂರೂ ಬಂದು ನಿಲ್ಲುವುದು ಕ್ಯಾಶುವಾಲ್ಟಿ ಬಾಗಿಲಿಗೇ.

ತಾಲ್ಲೂಕು ಆಸ್ಪತ್ರೆ, ಜಿಲ್ಲಾಸ್ಪತ್ರೆಗಳಲ್ಲಿ ಡ್ಯೂಟಿ ಮಾಡುವ ಡಾಕ್ಟರ್‌ಗಳು, ಸಿಸ್ಟರ್‌ಗಳು, ಹೌಸ್ ಸರ್ಜನ್‌ಗಳು, ಕೌನ್ಸೆಲರ್‌ಗಳಿಗಾಗಿ ಇದನ್ನು ಬರೆಯುತ್ತಿದ್ದೇನೆ. ಹೊಸ ಕಟ್ಟಡ, ಹೊಸ ಮಿಷನ್ ಏನೂ ಬೇಡ. ಒಂದು ಕರ್ಟನ್, ಯೂರಿನ್ ಪ್ರೆಗ್ನೆನ್ಸಿ ಕಾರ್ಡ್, ಲೈಂಗಿಕ ಸೋಂಕಿನ ಮಾತ್ರೆಗಳ ಬಣ್ಣದ ಕಿಟ್‌ಗಳು ಮತ್ತು ಮೊದಲೇ ಒಪ್ಪಿಕೊಂಡ ಒಂದು ಕ್ರಮ ಇದ್ದರೆ ಸಾಕು. ನನ್ನ ಪ್ರಕಾರ ಪ್ರಶ್ನೆ ಕೇಳುವುದು ಅಷ್ಟು ಕಷ್ಟವಲ್ಲ. ಕೇಳುವ ಮುಂಚೆ ಮಗುವಿಗೆ ಏನು ಹೇಳಬೇಕು, ಉತ್ತರ ಬಂದ ಮೇಲೆ ನಾವೇನು ಮಾಡಬೇಕು ಅನ್ನೋದು ಯಾರಿಗೂ ಖಚಿತ ಇಲ್ಲ. ಅದಕ್ಕೇ ಯಾರೂ ಕೇಳುವುದಿಲ್ಲ.

ಅಮೆರಿಕದ ಪದ್ಧತಿಯನ್ನು ಹಾಗೇ ತರೋಕಾಗಲ್ಲ

ಈ ವಿಷಯ ಹುಡುಕಿದರೆ ಸಿಗುವ ಓದು ಹೆಚ್ಚಾಗಿ ಅಮೆರಿಕದ್ದು. 25ರ ಒಳಗಿನ, ಲೈಂಗಿಕವಾಗಿ ಸಕ್ರಿಯರಾದ ಎಲ್ಲ ಹೆಣ್ಣುಮಕ್ಕಳಿಗೂ ವರ್ಷಕ್ಕೊಮ್ಮೆ ಕ್ಲಮೈಡಿಯಾ, ಗೊನೋರಿಯಾ ಅನ್ನೋ ಲೈಂಗಿಕ ಸೋಂಕುಗಳ ಪರೀಕ್ಷೆ ಮಾಡಿ ಅಂತ ಅಲ್ಲಿನ ಸರ್ಕಾರಿ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಹೇಳುತ್ತದೆ. ಅಲ್ಲಿನ ಎಲ್ಲ ರಾಜ್ಯಗಳಲ್ಲೂ 18 ತುಂಬದವರು ಈ ಸೋಂಕುಗಳ ಪರೀಕ್ಷೆಗೆ, ಚಿಕಿತ್ಸೆಗೆ ತಾವೇ ಒಪ್ಪಿಗೆ ಕೊಡಬಹುದು. ಮೂತ್ರದ ಸ್ಯಾಂಪಲ್ ಲ್ಯಾಬ್‌ಗೆ ಹೋಗುತ್ತದೆ, ರಿಪೋರ್ಟ್ ಬರುತ್ತದೆ.

ನಮ್ಮಲ್ಲಿ ಆ ತರಹದ ಪರೀಕ್ಷೆ ಹೆಚ್ಚಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಇಲ್ಲ. ಲಕ್ಷಣ ನೋಡಿ ಮಾತ್ರೆ ಕೊಡುವ ಪದ್ಧತಿ ನಮ್ಮದು. ಕಾನೂನೂ ಬೇರೆ. ಅವರಿಂದ ತೆಗೆದುಕೊಳ್ಳಬಹುದಾದದ್ದು ಎರಡೇ: ಎಲ್ಲರನ್ನೂ ಕೇಳುವ ರೂಢಿ, ಒಬ್ಬರನ್ನೇ ಇಟ್ಟುಕೊಂಡು ಕೇಳುವ ರೂಢಿ. ಮಿಕ್ಕಿದ್ದನ್ನು ನಾವೇ ಕಟ್ಟಿಕೊಳ್ಳಬೇಕು.

ಮೊದಲ ಹೆಜ್ಜೆ: ಕಾನೂನನ್ನು ಕೂತು ಓದಿ, ಡ್ಯೂಟಿ ರೂಮಿನ ಗೋಡೆಗೆ ಅಂಟಿಸಿ

ಇದನ್ನು ಹಾರಿಸಿ ಮುಂದಕ್ಕೆ ಹೋದರೆ ಮೊದಲ ಪಾಸಿಟಿವ್ ಕೇಸಿನಲ್ಲೇ ಎಲ್ಲ ನಿಂತುಹೋಗುತ್ತದೆ. ಆಮೇಲೆ ಯಾವ ಸಿಸ್ಟರೂ ಬಾಯಿ ಬಿಡಲ್ಲ.

ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಪಾಡುವ 2012ರ ಪೋಕ್ಸೊ ಕಾಯ್ದೆ ಪ್ರಕಾರ 18 ತುಂಬದವರೆಲ್ಲ ಮಕ್ಕಳು. ಅವರ ಒಪ್ಪಿಗೆಗೆ ಕಾನೂನಿನಲ್ಲಿ ಬೆಲೆ ಇಲ್ಲ. ಇಬ್ಬರೂ 17ರವರು, ಇಬ್ಬರಿಗೂ ಇಷ್ಟವಿತ್ತು ಅಂದರೂ ಅದು ಪೋಕ್ಸೊ ವ್ಯಾಪ್ತಿಗೇ ಬರುತ್ತದೆ. 19ನೇ ಸೆಕ್ಷನ್ ಪ್ರಕಾರ ಗೊತ್ತಾದವರು ಪೊಲೀಸರಿಗೋ ವಿಶೇಷ ಬಾಲ ಪೊಲೀಸ್ ಘಟಕಕ್ಕೋ ತಿಳಿಸಲೇಬೇಕು. ತಿಳಿಸದಿದ್ದರೆ 21ನೇ ಸೆಕ್ಷನ್ ಪ್ರಕಾರ 6 ತಿಂಗಳವರೆಗೆ ಜೈಲು ಅಥವಾ ದಂಡ, ಇಲ್ಲವೇ ಎರಡೂ. ಸಂಸ್ಥೆಯ ಮುಖ್ಯಸ್ಥರಿಗಾದರೆ ತಮ್ಮ ಕೈಕೆಳಗಿನವರ ವಿಷಯದಲ್ಲಿ 1 ವರ್ಷದವರೆಗೆ.

"ಮದುವೆ ಆಗಿದೆ ಸಾರ್" ಅನ್ನೋದೂ ತಪ್ಪಿಸಿಕೊಳ್ಳುವ ದಾರಿಯಲ್ಲ. 2017ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ 18 ತುಂಬದ ಹೆಂಡತಿಯ ಜೊತೆಗಿನ ಲೈಂಗಿಕ ಸಂಪರ್ಕವನ್ನೂ ಅತ್ಯಾಚಾರ ಅಂತಲೇ ಹೇಳಿತು. ಈಗಿನ ಭಾರತೀಯ ನ್ಯಾಯ ಸಂಹಿತೆಯಲ್ಲೂ ಅದೇ ವಯಸ್ಸಿದೆ. ಕರ್ನಾಟಕದಲ್ಲಂತೂ ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು ಅಂತ ತಿದ್ದುಪಡಿ ಆಗಿದೆ. ಇದು ಪುಸ್ತಕದ ವಿಷಯ ಅಂದುಕೊಳ್ಳಬೇಡಿ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ನಮ್ಮ ರಾಜ್ಯದ 20ರಿಂದ 24 ವಯಸ್ಸಿನ ಹೆಣ್ಣುಮಕ್ಕಳಲ್ಲಿ ಶೇ 21.3ರಷ್ಟು ಮಂದಿಗೆ 18 ತುಂಬುವ ಮುಂಚೆಯೇ ಮದುವೆ ಆಗಿತ್ತು. ಓಪಿ ಚೀಟಿಯಲ್ಲಿ 19 ಅಂತ ಬರೆಸಿರುತ್ತಾರೆ, ಹೆಸರಿನ ಮುಂದೆ ಗಂಡನ ಹೆಸರೂ ಇರುತ್ತದೆ. ಶಾಲೆಯ ದಾಖಲೆ ತೆಗೆದರೆ ಬೇರೆಯೇ ಲೆಕ್ಕ.

ಸಮಾಧಾನ ಕೊಡುವ ಒಂದು ತೀರ್ಪೂ ಇದೆ. 2022ರ ಸೆಪ್ಟೆಂಬರ್ 29ರಂದು ಸುಪ್ರೀಂ ಕೋರ್ಟ್ ಗರ್ಭಪಾತದ ವಿಷಯದಲ್ಲಿ ಒಂದು ಮಾತು ಹೇಳಿತು. 18 ತುಂಬದ ಹುಡುಗಿ ಮತ್ತು ಅವಳ ಪೋಷಕರು ಕೇಳಿಕೊಂಡರೆ, ಡಾಕ್ಟರು ಪೋಕ್ಸೊ ಪ್ರಕಾರ ಕೊಡುವ ಮಾಹಿತಿಯಲ್ಲಿ ಅವಳ ಹೆಸರು, ಗುರುತು ಹೇಳಬೇಕಿಲ್ಲ. ಅಂದರೆ ಮಾಹಿತಿ ಕೊಡಬೇಕು, ಗುರುತು ಕೊಡಬೇಕಿಲ್ಲ. ಇದು ಗೊತ್ತಿರುವ ಡ್ಯೂಟಿ ಡಾಕ್ಟರು ಎಷ್ಟು ಮಂದಿ ಇದ್ದಾರೆ? ಈ ಒಂದು ಸಾಲು ಗೊತ್ತಿಲ್ಲದೆ ಎಷ್ಟೋ ಹುಡುಗಿಯರನ್ನು "ಕೇಸ್ ಆಗತ್ತೆ, ಬೇರೆ ಕಡೆ ಹೋಗಿ" ಅಂತ ಸಾಗಹಾಕುತ್ತಾರೆ. ಅವರು ಹೋಗುವ ಆ ಬೇರೆ ಕಡೆ ಎಂಥದ್ದು ಅಂತ ನಮಗೆಲ್ಲ ಗೊತ್ತು. ಮೆಡಿಕಲ್ ಶಾಪಿನ ಮಾತ್ರೆ, ಇಲ್ಲ ಪರ್ಮಿಷನ್ ಇಲ್ಲದ ಕ್ಲಿನಿಕ್. ವಾರ ಕಳೆದು ಅದೇ ಹುಡುಗಿ ರಕ್ತ ಸುರಿಯುತ್ತಾ, ಜ್ವರ ಏರಿ ವಾಪಸ್ ಬರುತ್ತಾಳೆ.

ಇವಿಷ್ಟನ್ನು ಒಂದು ಹಾಳೆಯಲ್ಲಿ ಬರೆಯಿರಿ. ಜೊತೆಗೆ ಯಾರಿಗೆ ಫೋನ್ ಮಾಡಬೇಕು, ಯಾರು ಸಹಿ ಹಾಕಬೇಕು, ರಾತ್ರಿ 2 ಗಂಟೆಗೆ ಆದರೆ ಯಾರು ಅನ್ನೋದನ್ನೂ ಸೇರಿಸಿ. ಆಡಳಿತ ವೈದ್ಯಾಧಿಕಾರಿಯ ಸಹಿ ಅದರ ಮೇಲಿರಲಿ. ಸಹಿ ಇಲ್ಲದ ಹಾಳೆಗೆ ನೈಟ್ ಡ್ಯೂಟಿಯಲ್ಲಿ ಮರ್ಯಾದೆ ಇಲ್ಲ.

ಯಾರನ್ನು ಕೇಳಬೇಕು

ನೋಡಿದರೆ ಗೊತ್ತಾಗುತ್ತೆ ಅನ್ನೋ ನಂಬಿಕೆ ಮೊದಲು ಬಿಡಿ. ಜೀನ್ಸ್ ಹಾಕಿದವಳನ್ನು ಕೇಳುವುದು, ಎರಡು ಜಡೆ ಹಾಕಿದವಳನ್ನು ಬಿಡುವುದು, ಇದೇ ನಡೆದುಕೊಂಡು ಬಂದಿದೆ. ಜೀವಕ್ಕೆ ಅಪಾಯ ಇಲ್ಲದ, ಮಾತಾಡುವ ಸ್ಥಿತಿಯಲ್ಲಿರುವ 13ರಿಂದ 19ರ ಎಲ್ಲರನ್ನೂ ಕೇಳಿ. ಅಷ್ಟು ಆಗಲ್ಲ ಅನ್ನುವ ಆಸ್ಪತ್ರೆಗಳು ಈ ಗುಂಪಿನಿಂದ ಶುರು ಮಾಡಬಹುದು: ಕೆಳಹೊಟ್ಟೆ ನೋವು, ನಿಲ್ಲದ ವಾಂತಿ, ತಲೆಸುತ್ತಿ ಬಿದ್ದವರು, ಉರಿಮೂತ್ರ, ಬಿಳಿ ಹೋಗುವುದು, ತಿಂಗಳಲ್ಲದ ರಕ್ತಸ್ರಾವ, ಗುಪ್ತಾಂಗದಲ್ಲಿ ಹುಣ್ಣು, ಕಾರಣ ಸರಿಯಾಗಿ ಹೇಳದ ಗಾಯ.

ವಿಷ ಕುಡಿದು ಬಂದವರನ್ನು ಮರೆಯಲೇಬೇಡಿ. ಹೊಟ್ಟೆ ತೊಳೆದು, ಅಟ್ರೋಪಿನ್ ಕೊಟ್ಟು, ಐಸಿಯುಗೆ ಹಾಕಿ ಜೀವ ಉಳಿಸುತ್ತೇವೆ. "ಪರೀಕ್ಷೆಯಲ್ಲಿ ಮಾರ್ಕ್ಸ್ ಕಡಿಮೆ ಬಂತಂತೆ" ಅಂತ ಮನೆಯವರು ಹೇಳಿದ್ದನ್ನು ಕೇಸ್ ಶೀಟಿನಲ್ಲಿ ಬರೆದು ಮುಗಿಸುತ್ತೇವೆ. ಪ್ರೆಗ್ನೆನ್ಸಿ ಟೆಸ್ಟ್ ಮಾಡಿರುವುದಿಲ್ಲ, ಸ್ಥಿತಿ ಸುಧಾರಿಸಿದ ಮೇಲೆ ಒಬ್ಬಳನ್ನೇ ಮಾತಾಡಿಸಿರುವುದೂ ಇಲ್ಲ.

ಹುಡುಗರ ವಿಷಯ ಇನ್ನೂ ಕಡೆಗಣಿಸಿದ್ದು. ಕೆಳಹೊಟ್ಟೆ ನೋವು ಅಂತ ಬರುವ ಹುಡುಗ ನಾಚಿಕೆಗೆ ಬೀಜದ ನೋವನ್ನು ಬಾಯಿ ಬಿಟ್ಟು ಹೇಳಿರುವುದಿಲ್ಲ. ಪ್ಯಾಂಟ್ ಬಿಚ್ಚಿಸಿ ನೋಡದೆ ಗ್ಯಾಸ್ಟ್ರಿಕ್ ಇಂಜೆಕ್ಷನ್ ಕೊಟ್ಟು ಕಳಿಸಿದರೆ, ಅದು ಬೀಜ ತಿರುಚಿಕೊಂಡ ಕೇಸಾಗಿದ್ದರೆ, ಬೆಳಗಾಗುವಷ್ಟರಲ್ಲಿ ಬೀಜವೇ ಹೋಗಿರುತ್ತದೆ. ನೋವು ಶುರುವಾಗಿ 6 ಗಂಟೆಯೊಳಗೆ ಆಪರೇಷನ್ ಆದರೆ ಉಳಿಯುವ ಸಾಧ್ಯತೆ ಜಾಸ್ತಿ. ಹೊಟ್ಟೆನೋವಿನ ಪ್ರತಿ ಹುಡುಗನನ್ನೂ, ಕರ್ಟನ್ ಎಳೆದು, ಹೇಳಿ ಕೇಳಿ, ಕೆಳಗೂ ಪರೀಕ್ಷೆ ಮಾಡಿ. ಅದೇ ಹೊತ್ತಿನಲ್ಲಿ ಮಾತೂ ಆಗುತ್ತದೆ.

ಅಮ್ಮನನ್ನು ಹೊರಗೆ ಕಳಿಸುವುದು

ಇಡೀ ಕೆಲಸದಲ್ಲಿ ಅತಿ ನಾಜೂಕಿನ ಜಾಗ ಇದು. ಹುಡುಗಿಯನ್ನು ಏನು ಕೇಳಿದರೂ ಉತ್ತರ ಅಮ್ಮನಿಂದ ಬರುತ್ತದೆ. "ಡೇಟ್ ಯಾವಾಗ ಆಗಿತ್ತು?" ಅಂದರೆ "ಹೋದ ವಾರ ಆಗಿದಾಳೆ ಸಾರ್, ಎಲ್ಲಾ ಸರಿಯಾಗಿದೆ" ಅಂತ ಅಮ್ಮನೇ ಹೇಳಿಬಿಡುತ್ತಾರೆ. ಇಂಥವರಿಗೆ ಏಕಾಏಕಿ "ನೀವು ಹೊರಗೆ ಹೋಗಿ" ಅಂದರೆ ಅನುಮಾನ ಹುಟ್ಟುತ್ತದೆ. ಆಚೆ ಬೆಂಚಿನಲ್ಲಿ ಅಪ್ಪ, ಚಿಕ್ಕಪ್ಪ, ಪಕ್ಕದ ಮನೆಯವರು ಕೂತಿರುತ್ತಾರೆ.

ಅದಕ್ಕೆ ಎಲ್ಲರಿಗೂ ಒಂದೇ ಮಾತು ಹೇಳಿ. ಹೀಗೆ:

"ಅಮ್ಮಾ, ಈ ವಯಸ್ಸಿನ ಎಲ್ಲಾ ಮಕ್ಕಳನ್ನೂ ನಾವು ಐದು ನಿಮಿಷ ಒಬ್ಬರನ್ನೇ ಮಾತಾಡಿಸ್ತೀವಿ. ಹುಡುಗ ಆದ್ರೂ ಅಷ್ಟೇ, ಹುಡುಗಿ ಆದ್ರೂ ಅಷ್ಟೇ. ಓದು, ಊಟ, ನಿದ್ದೆ, ಆರೋಗ್ಯ ಎಲ್ಲಾ ಕೇಳ್ತೀವಿ. ಆಮೇಲೆ ನಿಮ್ಮ ಹತ್ರಾನೂ ಮಾತಾಡ್ತೀನಿ. ಅಲ್ಲಿವರೆಗೆ ಈ ಚೀಟಿ ಕೌಂಟರ್‌ನಲ್ಲಿ ಎಂಟ್ರಿ ಮಾಡಿಸ್ಕೊಂಡು ಬನ್ನಿ."

ಕೊನೆಯ ಸಾಲು ಸುಮ್ನೆ ಸೇರಿಸಿದ್ದಲ್ಲ. ಕೈಯಲ್ಲಿ ಒಂದು ಕೆಲಸ ಇದ್ದರೆ ಜನ ಹೋಗುತ್ತಾರೆ. ಇಷ್ಟಾದರೂ ಅಮ್ಮ ಕದಲದಿದ್ದರೆ ಮೂತ್ರದ ಸ್ಯಾಂಪಲ್ ಇದ್ದೇ ಇದೆ. ಬಾತ್‌ರೂಮ್ ತನಕ ಹುಡುಗಿಯನ್ನು ಸಿಸ್ಟರ್ ಕರೆದುಕೊಂಡು ಹೋಗಿ ಬರುವಾಗ ಎರಡು ನಿಮಿಷ ಸಿಗುತ್ತದೆ. ಎಕ್ಸ್‌ರೇ ರೂಮು, ಸ್ಕ್ಯಾನಿಂಗ್ ರೂಮಿನ ಒಳಗೂ ಸಿಗುತ್ತದೆ. ಎಷ್ಟೋ ಸಲ ಡಾಕ್ಟರಿಗೆ ಹೇಳದ್ದನ್ನು ಈ ನಡಿಗೆಯಲ್ಲಿ ಹೇಳಿಬಿಡುತ್ತಾರೆ. ಹಾಗಾಗಿ ತರಬೇತಿ ಮೊದಲು ಸಿಸ್ಟರ್‌ಗಳಿಗೆ ಕೊಡಿ. ಆಯಾಗೂ ಕೊಡಿ, ಕನಿಷ್ಠ ಪಕ್ಷ "ಕೇಳಿದ್ದನ್ನು ವಾರ್ಡಿನಲ್ಲಿ ಆಡಬಾರದು" ಅನ್ನುವಷ್ಟಾದರೂ.

ಒಂದು ಎಚ್ಚರಿಕೆ. ಕರ್ಟನ್ ಕಣ್ಣಿಗೆ ಮರೆ, ಕಿವಿಗೆ ಅಲ್ಲ. ಪಕ್ಕದ ಮಂಚದಲ್ಲಿ ಅದೇ ಊರಿನವರು ಇದ್ದರೆ ಮುಗಿಯಿತು. ಡ್ರೆಸಿಂಗ್ ರೂಮು, ಇಂಜೆಕ್ಷನ್ ರೂಮು, ಇಸಿಜಿ ರೂಮು, ಬಾಗಿಲು ಇರುವ ಯಾವುದಾದರೂ ಆದೀತು. ಗಂಡು ಡಾಕ್ಟರ್ ಹುಡುಗಿಯನ್ನು ಮಾತಾಡಿಸುವಾಗ, ಪರೀಕ್ಷಿಸುವಾಗ ಸಿಸ್ಟರ್ ಜೊತೆಗಿರಲಿ.

ಮಿತಿ ಮೊದಲು, ಪ್ರಶ್ನೆ ಆಮೇಲೆ

"ನೀನು ಏನು ಹೇಳಿದ್ರೂ ಯಾರಿಗೂ ಹೇಳಲ್ಲ" ಅಂತ ಮಾತು ಕೊಟ್ಟು, ಉತ್ತರ ಪಡೆದು, ಹತ್ತು ನಿಮಿಷದಲ್ಲಿ ಎಂಎಲ್‌ಸಿ ರಿಜಿಸ್ಟರ್ (ಪೊಲೀಸರಿಗೆ ತಿಳಿಸಬೇಕಾದ ಕೇಸುಗಳ ಪುಸ್ತಕ) ತೆಗೆಯುವುದು ಮೋಸ. ಆ ಹುಡುಗಿ ಜೀವಮಾನದಲ್ಲಿ ಇನ್ನೊಬ್ಬ ಡಾಕ್ಟರನ್ನು ನಂಬಲ್ಲ. ಆದ್ದರಿಂದ ಶುರುವಿನಲ್ಲೇ ಹೇಳಿ:

"ನೀನು ಹೇಳಿದ್ದನ್ನ ನಾನು ಹೊರಗಡೆ ಯಾರ ಹತ್ರಾನೂ ಆಡಲ್ಲ ಪುಟ್ಟಾ. ಆದ್ರೆ ಮೂರು ವಿಷಯ ಇದೆ, ಅದನ್ನ ನಾನು ಮುಚ್ಚಿಡೋ ಹಾಗಿಲ್ಲ. ನಿನಗೆ ಯಾರಾದ್ರೂ ತೊಂದ್ರೆ ಕೊಡ್ತಿದ್ರೆ. ನಿನ್ನ ಜೀವಕ್ಕೆ ನೀನೇ ಏನಾದ್ರೂ ಮಾಡ್ಕೊಳ್ಳೋ ಯೋಚನೆ ಇದ್ರೆ. ಇನ್ನೊಂದು, ಹದಿನೆಂಟು ತುಂಬದವರಿಗೆ ಲೈಂಗಿಕ ಸಂಪರ್ಕ ಆಗಿದೆ ಅಂತ ಗೊತ್ತಾದ್ರೆ, ಇಷ್ಟಪಟ್ಟು ಆಗಿದ್ರೂ, ಕಾನೂನಿನ ಪ್ರಕಾರ ತಿಳಿಸಬೇಕಾಗತ್ತೆ. ಆ ಪರಿಸ್ಥಿತಿ ಬಂದ್ರೆ ನಿನಗೆ ಮೊದಲು ಹೇಳಿ, ಆಮೇಲೇ ಮಾಡ್ತೀನಿ. ಏನೇ ಆದ್ರೂ ಚಿಕಿತ್ಸೆ ನಿಲ್ಸಲ್ಲ."

ಹೀಗೆ ಹೇಳಿದರೆ ಕೆಲವರು ಬಾಯಿ ಮುಚ್ಚಿಬಿಡುತ್ತಾರೆ, ನಿಜ. ನನಗೂ ಈ ಕಾನೂನಿನ ಈ ಭಾಗದ ಬಗ್ಗೆ ತಕರಾರಿದೆ. 17ರ ಹುಡುಗಿ ಚಿಕಿತ್ಸೆಗೆ ಹೆದರುವ ಹಾಗೆ ಮಾಡುವ ನಿಯಮ ಅವಳನ್ನು ಹೇಗೆ ಕಾಪಾಡುತ್ತದೆ ಅಂತ ಅನಿಸುತ್ತದೆ. ಆದರೆ ಡ್ಯೂಟಿಯಲ್ಲಿ ಇರುವಾಗ ಅದನ್ನು ಬದಲಿಸುವ ಅಧಿಕಾರ ನಮಗಿಲ್ಲ. ಮರೆಮಾಚುವ ಸಲಹೆಯನ್ನೂ ನಾನು ಕೊಡಲ್ಲ. ಒಂದು ವಿಷಯ ಗಮನಿಸಿ, ಸಾಕು: ಒಳ್ಳೆಯ ಚಿಕಿತ್ಸೆಗೆ ಬೇಕಾದ ಹೆಚ್ಚಿನ ಮಾಹಿತಿ "ಯಾರ ಜೊತೆ" ಅನ್ನೋ ಪ್ರಶ್ನೆಯಿಂದ ಬರುವುದಿಲ್ಲ. ನೋವು ಎಲ್ಲಿ, ಎಷ್ಟು ದಿನದಿಂದ, ಡೇಟ್ ಯಾವಾಗ, ಏನಾದರೂ ಸ್ರಾವ ಇದೆಯಾ, ಇವುಗಳಿಂದ ಬರುತ್ತದೆ. ಪಂಚಾಯ್ತಿ ಕಟ್ಟೆಯ ವಿಚಾರಣೆ ನಮ್ಮ ಕೆಲಸವೇ ಅಲ್ಲ.

ಪ್ರಶ್ನೆಗಳ ಸರದಿ

ಮನೆ, ಶಾಲೆ, ಊಟ, ಗೆಳೆಯರು, ಮೊಬೈಲ್, ಆಮೇಲೆ ಮನಸ್ಸು, ಕೊನೆಗೆ ದೇಹ. ಹೊರಗಿನಿಂದ ಒಳಕ್ಕೆ ಬರುವ ಈ ಸರದಿ ಡಾಕ್ಟರ್‌ಗಳಿಗೆ ಓದುವಾಗಲೇ ಗೊತ್ತಿರುತ್ತದೆ, ಕ್ಯಾಶುವಾಲ್ಟಿಯಲ್ಲಿ ಮಾತ್ರ ಮರೆತುಹೋಗಿರುತ್ತದೆ. ಹೊತ್ತಿಲ್ಲದಿದ್ದರೆ ಮೊದಲಿನದನ್ನು ಎರಡು ಮಾತಿನಲ್ಲಿ ಮುಗಿಸಿ ಇಲ್ಲಿಗೆ ಬನ್ನಿ:

"ಕೊನೇ ಸಲ ಡೇಟ್ ಯಾವಾಗ ಆಗಿದ್ದು? ಮಾಮೂಲಿ ತರಾನೇ ಆಯ್ತಾ, ಕಡಿಮೆ ಆಯ್ತಾ?" ಇಲ್ಲಿ ಕಡಿಮೆ ಅನ್ನೋದು ಮುಖ್ಯ. ಬಸಿರಿನ ಶುರುವಿನ ಸ್ವಲ್ಪ ರಕ್ತವನ್ನೇ ಡೇಟ್ ಅಂದುಕೊಂಡಿರುತ್ತಾರೆ.

"ಬಿಳಿ ಹೋಗತ್ತಾ? ವಾಸನೆ, ತುರಿಕೆ, ಬಣ್ಣ ಬದಲಾಗಿರೋದು?" ಹುಡುಗನಿಗಾದರೆ, "ಮೂತ್ರ ಮಾಡುವಾಗ ಉರಿ ಇದೆಯಾ, ಕೀವಿನ ತರ ಬರತ್ತಾ, ಹುಣ್ಣು ಗಂಟು ಏನಾದ್ರೂ?"

"ನಿನ್ನ ವಯಸ್ಸಿನ ಕೆಲವರಿಗೆ ಗೆಳೆಯ ಗೆಳತಿ ಇರ್ತಾರೆ. ಮುಟ್ಟೋದು, ಮೈ ಸೇರೋದು ಆಗಿರತ್ತೆ. ಕೆಲವರಿಗೆ ಇಷ್ಟ ಇಲ್ಲದೇನೂ ಆಗಿರತ್ತೆ. ನಿನಗೆ ಆ ತರ ಏನಾದ್ರೂ ಆಗಿದೆಯಾ?"

"ನಿನ್ನ ಫೋಟೋ, ವಿಡಿಯೋ ಇಟ್ಕೊಂಡು ಯಾರಾದ್ರೂ ಹೆದರಿಸ್ತಿದ್ದಾರಾ?" ಈ ಪ್ರಶ್ನೆಯನ್ನು ಈಗ ಬಿಡೋ ಹಾಗೇ ಇಲ್ಲ.

"ಬದುಕೋದೇ ಬೇಡ ಅಂತ ಅನ್ಸಿದೆಯಾ?"

ಭಾಷೆ ಊರಿನದಿರಲಿ. ಬೀದರ್‌ನ ಹುಡುಗಿಗೆ ಮಂಡ್ಯದ ಮಾತು ತಿಳಿಯಲ್ಲ, ಇಬ್ಬರಿಗೂ "ಲೈಂಗಿಕ ಸಂಪರ್ಕ" ಅನ್ನೋ ಪದ ಪಾಠಪುಸ್ತಕದ್ದು. ಅರ್ಥವಾಗದೆಯೂ "ಇಲ್ಲ" ಅನ್ನುತ್ತಾರೆ. ಹುಡುಗಿಗೆ ಗೆಳೆಯನೇ, ಹುಡುಗನಿಗೆ ಗೆಳತಿಯೇ ಇರುತ್ತಾರೆ ಅಂತ ಊಹಿಸಿಕೊಂಡು ಕೇಳಬೇಡಿ. ಹುಡುಗ ಹುಡುಗನ ಜೊತೆ ಇದ್ದರೆ ಪರೀಕ್ಷೆ ಮಾಡಬೇಕಾದ ಜಾಗವೇ ಬದಲಾಗುತ್ತದೆ, ಮುಜುಗರಪಟ್ಟರೆ ರೋಗ ತಪ್ಪಿಹೋಗುತ್ತದೆ. ಮುಖಭಾವ ಒಂದೇ ತರ ಇರಲಿ. "ಅಯ್ಯೋ" ಅನ್ನೋ ಒಂದು ಉದ್ಗಾರಕ್ಕೇ ಮಾತು ನಿಂತುಹೋಗುತ್ತದೆ.

ಮಾತಾಡಲು ಹಿಂಜರಿಯುವವರಿಗೆ ಚಿಕ್ಕ ಚೀಟಿ ಕೊಡಬಹುದು. ಹೌದು, ಇಲ್ಲ, ಆಮೇಲೆ ಹೇಳ್ತೀನಿ ಅಂತ ಮೂರು ಕಾಲಂ, ಅವರೇ ಟಿಕ್ ಹಾಕಲಿ. ಎಲ್ಲಾ ಚೀಟಿಯಲ್ಲೂ ಊಟ, ನಿದ್ದೆಯ ಪ್ರಶ್ನೆಗಳೂ ಇರಲಿ, ಯಾರಾದರೂ ಇಣುಕಿದರೆ ಗಾಬರಿ ಆಗುವುದಿಲ್ಲ. ಕೇಸ್ ಶೀಟಿಗೆ ಬೇಕಾದ್ದನ್ನು ಬರೆದುಕೊಂಡ ಮೇಲೆ ಚೀಟಿಯನ್ನು ಟೇಬಲ್ ಮೇಲೆ ಬಿಡದೆ ಫೈಲಿನ ಒಳಗೆ ಸೇರಿಸಿ.

ಪರೀಕ್ಷೆಗಳು

ಮುಟ್ಟು ಶುರುವಾದ ಹುಡುಗಿಗೆ ಹೊಟ್ಟೆನೋವು, ವಾಂತಿ, ತಲೆಸುತ್ತು ಇದ್ದರೆ, ಅಥವಾ ಸಿಟಿ ಸ್ಕ್ಯಾನ್, ಹೊಟ್ಟೆಯ ಎಕ್ಸ್‌ರೇ, ಆಪರೇಷನ್ ಆಗಬೇಕಿದ್ದರೆ ಯೂರಿನ್ ಪ್ರೆಗ್ನೆನ್ಸಿ ಟೆಸ್ಟ್ ಮಾಮೂಲಿ ಪಟ್ಟಿಯಲ್ಲಿರಲಿ, ಹಿಮೋಗ್ಲೋಬಿನ್ ತರ. ಅವಳಿಗೆ ಹೇಳಿ ಮಾಡಿ, ಕದ್ದು ಮಾಡಬೇಡಿ. ಆಶಾ ಕಾರ್ಯಕರ್ತೆಯರ ಹತ್ತಿರ ಇರುವ ನಿಶ್ಚಯ್ ಕಿಟ್ ತರದ್ದೇ ಸಾಕು. ಮುಟ್ಟು ನಿಂತ ಹೊತ್ತಿಗೆ ಈ ಕಾರ್ಡ್ ನಂಬಬಹುದು. ಮೈ ಸೇರಿ ಎರಡು ವಾರವೂ ಆಗಿಲ್ಲ ಅಂದರೆ ನೆಗೆಟಿವ್ ಅಂತ ಸುಮ್ಮನಾಗಬೇಡಿ, ಮೂರು ವಾರ ತುಂಬಿದ ಮೇಲೆ ಮತ್ತೆ ಮಾಡಲು ಹೇಳಿ. ಟೆಸ್ಟ್ ಪಾಸಿಟಿವ್, ಜೊತೆಗೆ ಒಂದೇ ಕಡೆ ಜೋರು ನೋವು, ಬಿಳಿಚಿದ ಮುಖ, ಇಳಿದ ಬಿಪಿ ಅಂದರೆ ಗರ್ಭನಾಳದಲ್ಲಿ ಬಸಿರು ಕೂತಿರಬಹುದು. ಆಗ ಮಾತುಕತೆ ನಿಲ್ಲಿಸಿ, ಎರಡು ಕಡೆ ದಪ್ಪ ಕ್ಯಾನುಲಾ ಹಾಕಿ, ಸ್ಕ್ಯಾನಿಂಗ್‌ಗೆ ಮತ್ತು ಹೆರಿಗೆ ವೈದ್ಯರಿಗೆ ಫೋನ್ ಮಾಡಿ.

ಸಂಪರ್ಕ ಆಗಿದೆ ಅಂತ ಗೊತ್ತಾದರೆ ಸಿಫಿಲಿಸ್, ಹೆಪಟೈಟಿಸ್ ಬಿ, ಎಚ್‌ಐವಿ ರಕ್ತಪರೀಕ್ಷೆ. 2017ರ ಎಚ್‌ಐವಿ ಕಾಯ್ದೆ ಪ್ರಕಾರ ತಿಳಿಸಿ ಒಪ್ಪಿಗೆ ಪಡೆಯದೆ ಎಚ್‌ಐವಿ ಟೆಸ್ಟ್ ಮಾಡುವ ಹಾಗಿಲ್ಲ, 18ರ ಕೆಳಗಿನವರಿಗೆ ಪೋಷಕರ ಒಪ್ಪಿಗೆ ಬೇಕು. ಅದಕ್ಕೆ ಐಸಿಟಿಸಿ (ಎಚ್‌ಐವಿ ಸಲಹೆ ಮತ್ತು ಪರೀಕ್ಷಾ ಕೇಂದ್ರ) ಕೌನ್ಸೆಲರ್ ಸಹಾಯ ಪಡೆಯಿರಿ. ಮೊದಲ ಟೆಸ್ಟ್ ನೆಗೆಟಿವ್ ಬಂದರೂ ಮೂರು ತಿಂಗಳಿಗೆ ಇನ್ನೊಮ್ಮೆ ಬೇಕಾಗುತ್ತದೆ ಅನ್ನೋದನ್ನು ಬರೆದು ಕೊಡಿ.

ಕ್ಲಮೈಡಿಯಾ, ಗೊನೋರಿಯಾಕ್ಕೆ ಮೂತ್ರದಲ್ಲೇ ಮಾಡುವ ಒಳ್ಳೆಯ ಟೆಸ್ಟ್ ಮೆಡಿಕಲ್ ಕಾಲೇಜಿನಲ್ಲೋ ಖಾಸಗಿ ಲ್ಯಾಬಿನಲ್ಲೋ ಸಿಗುತ್ತದೆ ಅಂದರೆ ಒಂದು ಸೂಕ್ಷ್ಮ ತಿಳಿದಿರಿ. ಕನಿಷ್ಠ ಒಂದು ಗಂಟೆ ಮೂತ್ರ ಮಾಡಿರಬಾರದು, ಮೊದಲು ಬರುವ ಧಾರೆಯನ್ನೇ ಹಿಡಿಯಬೇಕು. ಉರಿಮೂತ್ರದ ಕಲ್ಚರ್‌ಗೆ ನಾವು ಕೇಳುವ ಮಧ್ಯದ ಧಾರೆಗೆ ಇದು ಪೂರ್ತಿ ಉಲ್ಟಾ. ಎರಡೂ ಬೇಕಿದ್ದರೆ ಎರಡು ಡಬ್ಬಿ ಕೊಟ್ಟು, ಯಾವುದು ಮೊದಲು ಅಂತ ಹೇಳಿ ಕಳಿಸಿ. ಕ್ಲಮೈಡಿಯಾ ಹೆಣ್ಣುಮಕ್ಕಳಲ್ಲಿ ಹೆಚ್ಚಾಗಿ ಲಕ್ಷಣವನ್ನೇ ತೋರಿಸಲ್ಲ. ಹಾಗೇ ಒಳಗೆ ಉಳಿದು ಗರ್ಭನಾಳ ಕೆಡಿಸಿ ಮುಂದೆ ಮಕ್ಕಳಾಗದ ಹಾಗೆ ಮಾಡಬಹುದು. ಲಕ್ಷಣ ನೋಡಿ ಮಾತ್ರೆ ಕೊಡುವ ನಮ್ಮ ಪದ್ಧತಿಯ ದೊಡ್ಡ ತೂತು ಇದೇ.

ಮಾತ್ರೆ ಇಲ್ಲೇ ಕೊಟ್ಟು ಕಳಿಸಿ

"ಸೋಮವಾರ ಓಪಿಡಿಗೆ ಬಾ" ಅಂದರೆ ಬರುವುದಿಲ್ಲ. ಯಾವ ನೆಪ ಹೇಳಿ ಮನೆಯಿಂದ ಬರಬೇಕು ಅವಳು? ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ ನ್ಯಾಕೊದ ಬಣ್ಣದ ಕಿಟ್‌ಗಳು ಲೈಂಗಿಕ ಸೋಂಕುಗಳ ಸುರಕ್ಷಾ ಕ್ಲಿನಿಕ್‌ನ ಬೀರುವಿನಲ್ಲಿ ಬೀಗ ಹಾಕಿರುತ್ತವೆ, ಸಂಜೆ ಐದರ ಮೇಲೆ ಬೀಗದ ಕೈ ಯಾರ ಹತ್ತಿರ ಅಂತ ಗೊತ್ತಿರಲ್ಲ. ಪ್ರತಿ ಬಣ್ಣದ ಕೆಲವು ಕಿಟ್ ಕ್ಯಾಶುವಾಲ್ಟಿ ಬೀರುವಿಗೆ ತರಿಸಿಕೊಳ್ಳಿ.

ಇದುವರೆಗೆ ಬಳಕೆಯಲ್ಲಿರುವ ಕ್ರಮ ಹೀಗಿದೆ. ಮೂತ್ರನಾಳದಿಂದ ಕೀವು, ಗರ್ಭಕಂಠದ ಸೋಂಕು, ಗುದದ್ವಾರದ ಸ್ರಾವ ಇದ್ದರೆ ಬೂದು ಬಣ್ಣದ ಕಿಟ್ 1, ಅಂದರೆ ಅಜಿತ್ರೊಮೈಸಿನ್ 1 ಗ್ರಾಂ ಮತ್ತು ಸೆಫಿಕ್ಸಿಮ್ 400 ಮಿಲಿಗ್ರಾಂ. ಯೋನಿಯ ಸೋಂಕಿನ ತುರಿಕೆ, ವಾಸನೆ, ಮೊಸರಿನಂತಹ ಬಿಳಿಗೆ ಹಸಿರು ಕಿಟ್ 2. ನೋವಿಲ್ಲದ ಹುಣ್ಣಿಗೆ ಬಿಳಿ ಕಿಟ್ 3, ಇದರಲ್ಲಿ ಪೆನಿಸಿಲಿನ್ ಇಂಜೆಕ್ಷನ್ ಇರುತ್ತದೆ, ಅಲರ್ಜಿ ಇದೆಯಾ ಕೇಳಿ, ಇದ್ದರೆ ನೀಲಿ ಕಿಟ್ 4. ನೀರುಗುಳ್ಳೆಯಾಗಿ ನೋಯುವ ಹುಣ್ಣಿಗೆ ಕೆಂಪು ಕಿಟ್ 5. ಕೆಳಹೊಟ್ಟೆ ನೋವು, ಒಳಗಿನ ಸೋಂಕಿಗೆ ಹಳದಿ ಕಿಟ್ 6, ಇದರಲ್ಲಿ 14 ದಿನದ ಮಾತ್ರೆ. ಕಿಟ್ 6ರಲ್ಲಿ ಡಾಕ್ಸಿಸೈಕ್ಲಿನ್ ಇದೆ, ಬಸುರಿಗೆ ಕೊಡಬಾರದು, ಆದ್ದರಿಂದ ಪ್ರೆಗ್ನೆನ್ಸಿ ಟೆಸ್ಟ್ ಆಗದೆ ಹಳದಿ ಕಿಟ್ ಬಿಚ್ಚಲೇಬೇಡಿ. ಮಾರ್ಗಸೂಚಿ ಆಗಾಗ ಬದಲಾಗುತ್ತದೆ, ಈಗಿನದು ಯಾವುದು ಅಂತ ಸುರಕ್ಷಾ ಕ್ಲಿನಿಕ್‌ನಲ್ಲಿ ಕೇಳಿಕೊಂಡು ಗೋಡೆಯ ಹಾಳೆ ತಿದ್ದಿ. ಒಂದೇ ಡೋಸಿನ ಮಾತ್ರೆಯನ್ನು ಎದುರಿಗೇ ನುಂಗಿಸಿ. 14 ದಿನದ ಮಾತ್ರೆಯನ್ನು ಮನೆಯಲ್ಲಿ ಎಲ್ಲಿಡುತ್ತಾಳೆ ಅಂತ ಕೇಳಿ, ಬಣ್ಣದ ಡಬ್ಬಿ ಬಿಟ್ಟು ಸಾದಾ ಕವರಿಗೆ ಹಾಕಿಕೊಡಿ, ತೆಗೆದುಕೊಳ್ಳುವ ಹೊತ್ತನ್ನು ಮೇಲೆ ಬರೆಯಿರಿ. ಸಂಗಾತಿಗೂ ಚಿಕಿತ್ಸೆ ಆಗದಿದ್ದರೆ ಸೋಂಕು ಮತ್ತೆ ಬರುತ್ತದೆ, ಅದನ್ನು ಬಿಡಿಸಿ ಹೇಳಿ.

ಸಂಪರ್ಕ ಆಗಿ 72 ಗಂಟೆ ದಾಟಿಲ್ಲ ಅಂದರೆ ಗರ್ಭ ತಡೆಯುವ ತುರ್ತು ಮಾತ್ರೆ, ಲೆವೊನಾರ್ಜೆಸ್ಟ್ರೆಲ್ 1.5 ಮಿಲಿಗ್ರಾಂ, ಒಂದೇ ಡೋಸ್. ಬೇಗ ಕೊಟ್ಟಷ್ಟೂ ಒಳ್ಳೆಯದು. ಎರಡು ಗಂಟೆಯೊಳಗೆ ವಾಂತಿ ಆದರೆ ಮತ್ತೆ ಕೊಡಬೇಕು.

ಬಲವಂತ ಆಗಿದ್ದರೆ

ದಾರಿ ಬೇರೆ, ವೇಗವೂ ಬೇರೆ. ಪೊಲೀಸ್ ಪತ್ರ ತಂದರೇ ನೋಡುವುದು ಅನ್ನೋದು ಕಾನೂನಿಗೆ ವಿರುದ್ಧ. 2020ರ ಪೋಕ್ಸೊ ನಿಯಮಗಳ 6ನೇ ನಿಯಮ ಅದನ್ನು ನೇರವಾಗಿ ಹೇಳುತ್ತದೆ. ಸರ್ಕಾರಿ ಆಗಲಿ ಖಾಸಗಿ ಆಗಲಿ, ಚಿಕಿತ್ಸೆ ಕೂಡಲೇ ಮತ್ತು ಉಚಿತ. ಹುಡುಗಿಯನ್ನು ಪರೀಕ್ಷಿಸುವುದು ಲೇಡಿ ಡಾಕ್ಟರ್, ಜೊತೆಯಲ್ಲಿ ಅಪ್ಪ ಅಮ್ಮ ಅಥವಾ ಅವಳು ನಂಬುವ ಬೇರೆಯವರು. ಎರಡು ಬೆರಳಿನ ಪರೀಕ್ಷೆ (ಯೋನಿಯೊಳಗೆ ಬೆರಳಿಟ್ಟು ನೋಡುವುದು) ಮಾಡುವಂತಿಲ್ಲ. ಮಾಡಿದವರು ದುರ್ನಡತೆಯ ತಪ್ಪಿತಸ್ಥರು ಅಂತ ಸುಪ್ರೀಂ ಕೋರ್ಟ್ 2022ರಲ್ಲಿ ಖಡಾಖಂಡಿತವಾಗಿ ಹೇಳಿದೆ.

ಎಚ್‌ಐವಿ ತಡೆಯುವ ಮಾತ್ರೆ 72 ಗಂಟೆಯೊಳಗೆ ಶುರುವಾಗಬೇಕು, 28 ದಿನ ನಡೆಯಬೇಕು. ಮೊದಲ ಡೋಸಿಗೆ ರಿಪೋರ್ಟ್ ಕಾಯಬೇಡಿ. ಬಟ್ಟೆ ಬದಲಿಸಿದ್ದರೂ, ಸ್ನಾನ ಮಾಡಿದ್ದರೂ "ಸಾಕ್ಷಿ ಹೋಯ್ತು" ಅಂತ ವಾಪಸ್ ಕಳಿಸಬೇಡಿ, ಚಿಕಿತ್ಸೆ ಸಾಕ್ಷಿಗಾಗಿ ಕೊಡುವುದಲ್ಲ. ಜಿಲ್ಲಾಸ್ಪತ್ರೆಯಾದರೆ ದೌರ್ಜನ್ಯಕ್ಕೆ ಒಳಗಾದವರಿಗೆ ನೆರವು ಕೊಡುವ ಗೆಳತಿ ಘಟಕಕ್ಕೆ ಅಥವಾ ಸಖಿ ಕೇಂದ್ರಕ್ಕೆ ಹೇಳಿಕಳಿಸಿ, ಮಕ್ಕಳ ಸಹಾಯವಾಣಿ 1098.

ಫಲಿತಾಂಶ ಯಾರಿಗೆ, ಹೇಗೆ

ಎಲ್ಲ ಸರಿಯಾಗಿ ಮಾಡಿಕೊಂಡು ಬಂದು ಕೊನೆಗೆ ಕೆಡುವುದು ಇಲ್ಲಿ. ಕಾರಿಡಾರಿನ ಆ ತುದಿಯಿಂದ ಲ್ಯಾಬ್ ಹುಡುಗ ಹೆಸರು ಕೂಗಿ "ಯುಪಿಟಿ ಪಾಸಿಟಿವ್", ಅಂದರೆ ಬಸುರಿ, ಅನ್ನುತ್ತಾನೆ. ಎಂಎಲ್‌ಸಿ ರಿಜಿಸ್ಟರ್ ಕೌಂಟರ್ ಮೇಲೆ ತೆರೆದೇ ಇರುತ್ತದೆ. ಓಪಿ ಚೀಟಿಯಲ್ಲಿ ದಪ್ಪಕ್ಷರದಲ್ಲಿ ಬರೆದದ್ದನ್ನು ಮೆಡಿಕಲ್ ಶಾಪಿನವನು ಓದುತ್ತಾನೆ. ಕಂಪ್ಯೂಟರ್‌ನಲ್ಲಿ ಅಪ್ಪನ ಮೊಬೈಲ್ ನಂಬರ್ ಇರುವುದರಿಂದ ರಿಪೋರ್ಟಿನ ಮೆಸೇಜ್ ಸೀದಾ ಅವರಿಗೇ ಹೋಗುತ್ತದೆ. ಎಂಟ್ರಿ ಮಾಡುವವರ ಹತ್ತಿರ ಕೂತು ಈ ಮೆಸೇಜ್ ನಿಲ್ಲಿಸಲು ಆಗುತ್ತದಾ ನೋಡಿ. ಲ್ಯಾಬ್‌ನವರು ಕಾಗದವನ್ನು ಮಡಚಿ ಡಾಕ್ಟರ್ ಕೈಗೇ ಕೊಡಲಿ.

ಪಾಸಿಟಿವ್ ಅಂತ ಮೊದಲು ಹುಡುಗಿಗೇ ಹೇಳಿ, ಕೂತು ಹೇಳಿ. ಆಮೇಲೆ "ಮನೆಯಲ್ಲಿ ಯಾರಿಗೆ ಹೇಳಿದ್ರೆ ನಿನಗೆ ಧೈರ್ಯ?" ಅಂತ ಕೇಳಿ. ಅಮ್ಮನೇ ಆಗಬೇಕಿಲ್ಲ, ಅಜ್ಜಿ, ಅತ್ತೆ, ಅಕ್ಕ ಆಗಬಹುದು. ಗರ್ಭಪಾತ ಬೇಕಾದರೆ 18 ತುಂಬದವರಿಗೆ ಪೋಷಕರ ಲಿಖಿತ ಒಪ್ಪಿಗೆ ಬೇಕು. ಆದರೆ ಕಾಯ್ದೆ ಪೋಷಕರು ಅನ್ನುವುದು ಆ ಮಗುವನ್ನು ನೋಡಿಕೊಳ್ಳುವವರನ್ನು. ಅಪ್ಪನೇ ಬಂದು ಸಹಿ ಹಾಕಬೇಕು ಅಂತ ಹಠ ಹಿಡಿಯುವ ಅಗತ್ಯ ಇಲ್ಲ. 20 ವಾರದವರೆಗೆ ಒಬ್ಬ ಅರ್ಹ ವೈದ್ಯರ ಅಭಿಪ್ರಾಯ ಸಾಕು, 2021ರ ತಿದ್ದುಪಡಿಯ ನಂತರ 18ರ ಕೆಳಗಿನವರಿಗೆ 24 ವಾರದವರೆಗೂ ಅವಕಾಶ ಇದೆ, ಆಗ ಇಬ್ಬರು ವೈದ್ಯರು ಬೇಕು. ಎಫ್‌ಐಆರ್ ಪ್ರತಿ ತಂದರೇ ಮಾಡುತ್ತೇವೆ ಅನ್ನೋದು ಕಾಯ್ದೆಯಲ್ಲಿ ಎಲ್ಲೂ ಇಲ್ಲ. ಆ ರಾತ್ರಿ ಮನೆಗೆ ಕಳಿಸಿದರೆ ಹೊಡೆತ ಬೀಳಬಹುದು, ಜೀವಕ್ಕೆ ಮಾಡಿಕೊಳ್ಳಬಹುದು ಅನಿಸಿದರೆ ಅಡ್ಮಿಟ್ ಮಾಡಿ. ಹೊಟ್ಟೆನೋವು ಅನ್ನೋ ಕಾರಣ ಇದ್ದೇ ಇದೆಯಲ್ಲ. ಮನಸ್ಸಿನ ಸಹಾಯಕ್ಕೆ ಟೆಲಿ ಮಾನಸ್ 14416 ದಿನವಿಡೀ ಇರುತ್ತದೆ.

ಸ್ನೇಹ ಕ್ಲಿನಿಕ್ ತನಕ ತಲುಪಿಸುವುದು

2014ರಲ್ಲಿ ಶುರುವಾದ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮ 10ರಿಂದ 19 ವಯಸ್ಸಿನವರಿಗಾಗಿಯೇ ಇದೆ. ನಮ್ಮಲ್ಲಿ ಅದರ ಕ್ಲಿನಿಕ್‌ಗೆ ಸ್ನೇಹ ಅಂತ ಹೆಸರು. ಚೀಟಿ ಬರೆದು ಕೈಗೆ ಕೊಟ್ಟರೆ ಯಾರೂ ಹೋಗಲ್ಲ. ಕೌನ್ಸೆಲರ್ ಹೆಸರು, ಯಾವ ರೂಮು, ಯಾವ ದಿನ, ಏನು ನೆಪ ಹೇಳಿ ಬರಬಹುದು ಅನ್ನೋದನ್ನು ಬಾಯಲ್ಲೇ ಹೇಳಿ. ಹಗಲಾದರೆ ಕೌನ್ಸೆಲರ್ ಅವರನ್ನೇ ಕ್ಯಾಶುವಾಲ್ಟಿಗೆ ಕರೆಸಿ ಮುಖ ಪರಿಚಯ ಮಾಡಿಸಿ. ರಕ್ತಹೀನತೆ ತಪಾಸಣೆ ಅಂತ ಬರೆದ ಚೀಟಿ ಯಾರಿಗೂ ಅನುಮಾನ ತರುವುದಿಲ್ಲ. ಸುಳ್ಳೂ ಅಲ್ಲ, ಆ ತಪಾಸಣೆಯೂ ಅಲ್ಲಿ ಆಗುತ್ತದೆ.

ಶುರು ಮಾಡುವುದು ಮತ್ತು ಎಣಿಸುವುದು

ಇಡೀ ಆಸ್ಪತ್ರೆಗೆ ಒಂದೇ ದಿನ ಹೇರಬೇಡಿ. ಆಸಕ್ತಿ ಇರುವ ಇಬ್ಬರು ಸಿಸ್ಟರ್‌ಗಳ ಒಂದು ಶಿಫ್ಟ್ ಹಿಡಿಯಿರಿ, ಎರಡು ವಾರ ನೋಡಿ. ಎಲ್ಲಿ ಸಿಕ್ಕಿಕೊಳ್ಳುತ್ತದೆ ಅಂತ ಅವರೇ ಹೇಳುತ್ತಾರೆ. ಒಂದು ಕಡೆ ರೂಮು ಸಾಲದೆ ನಿಂತಿರುತ್ತದೆ, ಇನ್ನೊಂದು ಕಡೆ ಟೆಸ್ಟ್ ಕಾರ್ಡ್ ಸ್ಟಾಕ್ ಇರುವುದಿಲ್ಲ. ಅದನ್ನು ಸರಿ ಮಾಡಿಕೊಂಡು ಮುಂದಿನ ಶಿಫ್ಟ್‌ಗೆ ಹೋಗಿ.

ಲೆಕ್ಕ ಇಡಿ, ಹೆಸರಿಲ್ಲದೆ. ಈ ತಿಂಗಳು 13ರಿಂದ 19ರವರು ಎಷ್ಟು ಬಂದರು, ಅವರಲ್ಲಿ ಒಬ್ಬರನ್ನೇ ಮಾತಾಡಿಸಿದ್ದು ಎಷ್ಟು, ಹೊಟ್ಟೆನೋವಿನ ಹುಡುಗಿಯರಲ್ಲಿ ಪ್ರೆಗ್ನೆನ್ಸಿ ಟೆಸ್ಟ್ ಆದದ್ದು ಎಷ್ಟು, ಹೊಟ್ಟೆನೋವಿನ ಹುಡುಗರಲ್ಲಿ ಕೆಳಗೆ ಪರೀಕ್ಷೆ ಆದದ್ದು ಎಷ್ಟು, ಸ್ನೇಹ ಕ್ಲಿನಿಕ್‌ಗೆ ನಿಜವಾಗಿ ತಲುಪಿದ್ದು ಎಷ್ಟು. ಪಾಸಿಟಿವ್ ಎಷ್ಟು ಅನ್ನೋದನ್ನು ಮೀಟಿಂಗಿನಲ್ಲಿ ಓದಬೇಡಿ. "ನಿಮ್ಮ ಆಸ್ಪತ್ರೆಯಲ್ಲೇ ಯಾಕೆ ಇಷ್ಟೊಂದು?" ಅಂತ ಮೇಲಿನವರು ಒಂದು ಸಲ ಕೇಳಿದರೆ ಸಾಕು, ಮುಂದಿನ ತಿಂಗಳು ಟೆಸ್ಟ್ ಮಾಡುವುದೇ ನಿಲ್ಲುತ್ತದೆ. ಇನ್ನು ಟೆಸ್ಟ್ ಕಾರ್ಡ್ ಇಂಡೆಂಟ್ ಹಾಕುವಾಗ ಹೆರಿಗೆ ವಾರ್ಡಿನ ಲೆಕ್ಕದಲ್ಲಿ ಸೇರಿಸಬೇಡಿ. ಕ್ಯಾಶುವಾಲ್ಟಿ ಹೆಸರಿನಲ್ಲೇ ಬೇರೆ ಹಾಕಿ, ಇಲ್ಲದಿದ್ದರೆ ರಾತ್ರಿ ಬೇಕಾದಾಗ ಕಾರ್ಡ್ ಅಲ್ಲಿ, ಹುಡುಗಿ ಇಲ್ಲಿ.